ಕಪ್ಪೆಬಾಯಿಯನ್ನು ಕಾಣುವ ಬಗೆ

ಎರಡು ವಸ್ತುಗಳ ಸಾದೃಶ್ಯದಿಂದ ಒಂದು ಇನ್ನೊಂದರಲ್ಲಿ ಬೆರೆತು ಭೇದವೇ ತೋರದಿದ್ದರೆ ನಮ್ಮ ಆಲಂಕಾರಿಕರು ಅದನ್ನು ಮೀಲಿತವೆಂದರು. ಯಾವುದೋ ಕಾರಣದಿಂದ ಆ ಭೇದ ಗೋಚರವಾದರೆ ಅದು ಉನ್ಮೀಲಿತ. ಈ ಲಕ್ಷಣಗಳನ್ನು ತರಗತಿಯಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಎರಡಕ್ಕೂ ಜೀವಂತ ಉದಾಹರಣೆ ದೊರೆತದ್ದು ದಾಂಡೇಲಿ ಸೀಮೆಯ ಕಾಡಿನಲ್ಲಿ. ಅದು ಕಪ್ಪೆಬಾಯಿ ಎಂಬ ಹಕ್ಕಿ.

ಪಶ್ಚಿಮಘಟ್ಟ ಮತ್ತು ಶ್ರೀಲಂಕಾಗಳನ್ನು ಬಿಟ್ಟರೆ ಈ ಹಕ್ಕಿ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಗಾತ್ರ ಗೊರವಂಕದಷ್ಟು, ಸುಮಾರು 23 ಸೆಂಟಿಮೀಟರು. ದೊಡ್ಡ ತಲೆ, ಕಪ್ಪೆಯದರಂತೆ ಅಗಲವಾದ ಬಾಯಿ, ಕೊಕ್ಕಿನ ಬುಡದಲ್ಲಿ ಬಿರುಗೂದಲು. ಗಂಡು ಬೂದುಗಂದು, ಮೈತುಂಬ ಚುಕ್ಕೆ ಬರೆಗಳು. ಹಾವಸೆ ಹಿಡಿದ ಗೆಲ್ಲಿನಂತೆ ತೋರುತ್ತದೆ. ಹೆಣ್ಣು ಕೆಂಗಂದು, ಚುಕ್ಕೆಗಳು ವಿರಳ. ಒಣಗಿದ ತರಗೆಲೆಯಂತೆ ಕಾಣುತ್ತದೆ. ನತ್ತಿಂಗ ಇದರ ದೂರದ ಬಂಧು. ಆದರೆ ಅದು ಸಾಮಾನ್ಯವಾಗಿ ನೆಲದಲ್ಲಿ ಮೈಚಾಚಿ ಕುಳಿತರೆ, ಇದು ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತದೆ.

ಇರುಳಿನಲ್ಲಿ ಕೀಟಗಳನ್ನು ಬೇಟೆಯಾಡುವ ಈ ಹಕ್ಕಿಯನ್ನು ಹಗಲಿನಲ್ಲಿ ಬರಿಯ ಕಣ್ಣಿನಿಂದ ಹುಡುಕಹೊರಡುವುದು ವ್ಯರ್ಥ. ಮೊದಲು ಕಿವಿಗೆ ಕೆಲಸ ಕೊಡಬೇಕು. ಮುಸ್ಸಂಜೆಯಲ್ಲಿ ಹೆಣ್ಣಿನದು ಇಳಿಧಾಟಿಯ ಕರ್ಕಶವಾದ ಕೂಗು. ಗಂಡಿನದು ನಗೆಯನ್ನು ಹೋಲುವ ತ್ವರಿತ ಸ್ವರಮಾಲೆ. ಕೂಗು ಬಂದ ದಿಕ್ಕನ್ನು ಗುರುತಿಟ್ಟುಕೊಂಡು, ಮರುದಿನ ಅಲ್ಲಿನ ಬಳ್ಳಿ, ಬಿದಿರು, ಒಣ ಎಲೆಗಳ ತೊಡಕನ್ನು ದೂರದಿಂದಲೇ ಸಾವಧಾನವಾಗಿ ನೋಡಬೇಕು. ಬಹಳ ಎತ್ತರಕ್ಕೆ ಕಣ್ಣುಹಾಯಿಸಬೇಕಾಗಿಲ್ಲ. ಗಂಡುಹೆಣ್ಣು ಅನೇಕ ವೇಳೆ ಒತ್ತೊತ್ತಾಗಿ ಕುಳಿತಿರುತ್ತವೆ. ಒಪ್ಪಿದ ಕೊಂಬೆಗೆ ದಿನದಿನವೂ ಮರಳಿ ಬರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಪ್ಪೆಬಾಯಿ ಕೊಕ್ಕನ್ನು ಮೆಲ್ಲಮೆಲ್ಲನೆ ಮೇಲೆತ್ತಿ, ಕಣ್ಣುಗಳನ್ನು ಗೆರೆಯಷ್ಟು ಕಿರಿದುಗೊಳಿಸಿ, ಮುರಿದ ಗೆಲ್ಲಿನ ಮೋಟಿನಂತಾಗುತ್ತದೆ. ಛಾಯಾಚಿತ್ರಗಳಲ್ಲಿ ನಾವೆಲ್ಲ ಮೆಚ್ಚುವ ಭಂಗಿ ಇದೇ. ಆದರೆ ಇದು ವಿಶ್ರಾಂತಿಯಲ್ಲ, ಭಯ. ಹಕ್ಕಿ ನಮ್ಮನ್ನು ಆಗಲೇ ಕಂಡಿದೆ. ಹಾರಿದರೆ ಗುಟ್ಟು ರಟ್ಟಾಗುವುದೆಂದು ಉಸಿರು ಬಿಗಿಹಿಡಿದಂತೆ ಕುಳಿತಿದೆ. ಅಲ್ಲಿಗೇ ನಮ್ಮ ಹೆಜ್ಜೆ ನಿಲ್ಲಬೇಕು.

ಏಕೆಂದರೆ ಅದು ಗೂಡಿನ ಮೇಲೆಯೂ ಇದ್ದೀತು. ಗೂಡೆಂದರೆ ತನ್ನದೇ ತುಪ್ಪುಳದ ಒಂದು ಚಿಕ್ಕ ಮೆತ್ತೆ, ಹೊರಗೆ ಕಲ್ಲುಹೂ, ತೊಗಟೆಯ ಚೂರುಗಳ ಲೇಪ. ಅದರಲ್ಲಿ ಇಡುವುದು ಒಂದೇ ಒಂದು ಬಿಳಿಯ ಮೊಟ್ಟೆ. ಹಗಲೆಲ್ಲ ಕಾವಿಗೆ ಕೂರುವುದು ಗಂಡು. ಅದನ್ನು ಎಬ್ಬಿಸಿದರೆ ಆ ಒಂದು ಮೊಟ್ಟೆಯೂ ಬಯಲಾಗುತ್ತದೆ.

ಈಗ ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವವರಿದ್ದಾರೆ, ಮುಖಕ್ಕೆ ಬೆಳಕು ಚಿಮ್ಮಿಸುವವರಿದ್ದಾರೆ. ಉನ್ಮೀಲಿತ ಕಾವ್ಯದಲ್ಲಿ ಸೊಗಸು. ಮರೆಯನ್ನೇ ನೆಚ್ಚಿ ಬದುಕುವ ಜೀವಕ್ಕೆ ಅದು ಅಪಾಯ. ಆದ್ದರಿಂದ ದೂರದಿಂದ ನೋಡಿ, ಬೇಗ ಹಿಂದಿರುಗಿ, ಅದು ಕೂತ ಕೊಂಬೆಯ ಗುರುತನ್ನು ಯಾರಿಗೂ ಹೇಳದಿರುವುದೇ ಲೇಸು.