ಕಾಮಾ ಆಸ್ಪತ್ರೆಯ ಷರತ್ತು

ಮುಂಬೈಯ ಆಜಾದ್ ಮೈದಾನದ ಮಗ್ಗುಲಲ್ಲಿರುವ ಕಾಮಾ ಆಸ್ಪತ್ರೆ ಬಾಗಿಲು ತೆರೆದದ್ದು 1886ರಲ್ಲಿ, ಹೆಂಗಸರು ಮತ್ತು ಮಕ್ಕಳಿಗೆಂದೇ. ಪೆಸ್ತೋನ್‌ಜಿ ಹೊರ್ಮಸ್‌ಜಿ ಕಾಮಾ ಎಂಬ ಪಾರ್ಸಿ ವ್ಯಾಪಾರಿ ಅದಕ್ಕೆ ಲಕ್ಷಕ್ಕೂ ಮಿಕ್ಕಿ ಹಣ ಕೊಟ್ಟರು. ಆದರೆ ಆಸ್ಪತ್ರೆಯ ಹೆಚ್ಚುಗಾರಿಕೆ ಇದ್ದದ್ದು ಅದರ ಷರತ್ತಿನಲ್ಲಿ: ಅಲ್ಲಿ ಮಲಗುವವರಷ್ಟೇ ಅಲ್ಲ, ಅದನ್ನು ನಡೆಸುವ ವೈದ್ಯರೂ ಹೆಂಗಸರೇ ಆಗಿರಬೇಕು.

ಗಂಡಸು ಡಾಕ್ಟರು ಮುಟ್ಟುವುದಕ್ಕಿಂತ ಸಾವೇ ಲೇಸು ಎಂದುಕೊಳ್ಳುವ ಮನೆಗಳು ಆಗ ಬೇಕಾದಷ್ಟಿದ್ದವು. ಸೂಲಗಿತ್ತಿಯ ಕೈಮೀರಿದರೆ ಮುಂದೆ ದಾರಿಯಿಲ್ಲ. ಇದನ್ನು ಮೌಢ್ಯವೆಂದು ಬೈದು ಕೂರುವುದು ಸುಲಭವಿತ್ತು. ಮುಂಬೈಯಲ್ಲಿದ್ದ ಅಮೆರಿಕದ ವ್ಯಾಪಾರಿ ಜಾರ್ಜ್ ಕಿಟ್ರೆಜ್ ಮತ್ತು ಸುಧಾರಕ ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿ ಬೈಯಲಿಲ್ಲ, ಚಂದಾ ಎತ್ತಿದರು. ಇಂಗ್ಲೆಂಡಿನಿಂದ ವೈದ್ಯೆಯರನ್ನು ಕರೆಸುವುದು, ಇಲ್ಲಿನ ಹುಡುಗಿಯರಿಗೆ ವೈದ್ಯಕೀಯ ಕಲಿಸುವುದು ಅವರ ಯೋಜನೆ.

ಹಾಗೆ 1883ರ ಕೊನೆಗೆ ಬಂದಿಳಿದವರು ಎಡಿತ್ ಪೀಚಿ. ಎಡಿನ್‌ಬರೋದಲ್ಲಿ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಮುಂದೆ ಬಂದರೂ ಹೆಣ್ಣೆಂಬ ಕಾರಣಕ್ಕೆ ವಿದ್ಯಾರ್ಥಿವೇತನ ಕೈತಪ್ಪಿದವರು. ಪದವಿಗಾಗಿ ಸ್ವಿಟ್ಜರ್ಲೆಂಡಿನ ಬರ್ನ್‌ವರೆಗೆ ಹೋಗಬೇಕಾಯಿತು. ಬಾಲ್ಯವಿವಾಹದ ಮೊಕದ್ದಮೆಯಿಂದ ಹೆಸರಾದ ರಖ್ಮಾಬಾಯಿ ಲಂಡನ್ನಿಗೆ ಓದಲು ಹೊರಟಾಗ ಬೆಂಬಲಕ್ಕೆ ನಿಂತವರಲ್ಲಿ ಪೀಚಿಯೂ ಒಬ್ಬರು. ವೈದ್ಯೆಯಾಗಿ ಮರಳಿದ ರಖ್ಮಾಬಾಯಿ ಕೆಲಕಾಲ ಇದೇ ಕಾಮಾದಲ್ಲಿ ದುಡಿದು ಸೂರತ್ತಿಗೆ ಹೋದರು.

ಬೆಂಗಳೂರಿನ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಹೆಸರಿನ ಗೋಷಾ, ಅಂದರೆ ಪರದೆ, ಆಸ್ಪತ್ರೆಯೂ ಇಂಥದೇ ಸಂಕೋಚವನ್ನು ಗೌರವಿಸಿ ಹುಟ್ಟಿದ್ದು. ಈಗ ಅದೂ ಕಾಮಾದಂತೆ ಸರ್ಕಾರಿ ಆಸ್ಪತ್ರೆ. ಎಲ್ಲ ಜಾತಿ ಧರ್ಮದ ಬಸುರಿಯರೂ ಹೋಗುತ್ತಾರೆ.

ಹೆಂಗಸರೇ ನೋಡಿಕೊಳ್ಳುವ ಆಸ್ಪತ್ರೆಯನ್ನು ಇಂದು ಹುಡುಕುವವರು ಎಡವುವುದು ಇಲ್ಲಿಯೇ. ಹೆಂಗಸರ ಆಸ್ಪತ್ರೆ ಎಂದರೆ ಹೆಂಗಸರಿಗಾಗಿ ಇರುವುದು, ಹೆಂಗಸರೇ ನಡೆಸುವುದು ಎಂದೇನಲ್ಲ. ಲೇಡಿ ಡಾಕ್ಟರು ಹೊರರೋಗಿ ವಿಭಾಗದಲ್ಲಿ ಸಿಗುತ್ತಾರೆ, ಸರಿ. ನಡುರಾತ್ರಿ ಸಿಸೇರಿಯನ್ ಆಗಬೇಕಾದರೆ ಅರಿವಳಿಕೆ ಕೊಡುವವರು ಯಾರು? ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಅವರು ಫೋನು ಮಾಡಿದಾಗ ಬೇರೆ ಕಡೆಯಿಂದ ಓಡಿಬರುವವರು. ಟೇಬಲ್ಲಿನ ಮೇಲೆ ಬೆನ್ನು ಬಾಗಿಸಿ ಕೂರಿಸಿ ಸೂಜಿ ಚುಚ್ಚುವವರು ಅವರೇ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದರೆ ಕಲಿಯುವ ಹುಡುಗರೂ ಇರುತ್ತಾರೆ. ಸ್ಕ್ಯಾನ್ ಮಾಡುವವರು, ಸ್ಟ್ರೆಚರ್ ತಳ್ಳುವವರು ಯಾರೆಂದು ಕೇಳಲು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಕೇಳಿದರೆ ಕೆಲವೊಂದು ಸಿಗುತ್ತದೆ. ಗಂಡಸು ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಪಕ್ಕದಲ್ಲಿರಬೇಕೆಂಬುದು ರೋಗಿಯ ಹಕ್ಕುಗಳ ಪಟ್ಟಿಯಲ್ಲೇ ಇದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ತಾನೂ ಹೆತ್ತು ಅನುಭವವಿರುವ ನೆಂಟರ ಹೆಂಗಸೊಬ್ಬಳು ಜೊತೆಗಿರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅತ್ತೆಯೋ ಅಕ್ಕನೋ ಪಕ್ಕದಲ್ಲಿದ್ದರೆ ಸೀರೆ ಸರಿಪಡಿಸಲು, ಪರದೆ ಎಳೆಯಲು ಯಾರನ್ನೂ ಗೋಗರೆಯಬೇಕಿಲ್ಲ.

ಆದರೆ ರಕ್ತಸ್ರಾವ ಶುರುವಾದರೆ ಡ್ಯೂಟಿಯಲ್ಲಿ ಯಾರಿದ್ದಾರೋ ಅವರೇ ಕೈಹಚ್ಚಬೇಕು. ಆಗ ಆಯ್ಕೆಗೆ ಸಮಯವಿರುವುದಿಲ್ಲ. ಆದ್ದರಿಂದ ಈ ಮಾತೆಲ್ಲ ನೋವು ಬಂದ ಮೇಲಲ್ಲ, ಏಳನೇ ತಿಂಗಳಲ್ಲಿ ತಾಯಿ ಕಾರ್ಡು ಹಿಡಿದು ತಪಾಸಣೆಗೆ ಹೋದಾಗಲೇ, ಡಾಕ್ಟರರಿಗೂ ಹೆರಿಗೆ ವಾರ್ಡಿನ ಸಿಸ್ಟರಿಗೂ ಹೇಳಿಡಬೇಕಾದದ್ದು.