ಅಳಿವೆಯೂರಿನ ನಿಧಾನ

ಕಡಲತಡಿಯ ಬಂಧುಗಳ ಮನೆಗೆ ಹೋಗಿ ಬಂದವರು, ಅಲ್ಲಿ ದಿನವೇ ಸಾಗುವುದಿಲ್ಲವೆಂದು ಹೇಳುವುದುಂಟು. ಆ ನಿಧಾನಕ್ಕೆ ಒಂದು ಲೆಕ್ಕವಿದೆ. ಅದನ್ನು ನಾನು ತಿಳಿದದ್ದು ಕೋಡಿಬೆಂಗ್ರೆಯ ನನ್ನ ದೊಡ್ಡಮ್ಮನ ಮನೆಯಲ್ಲಿ.

ಉಡುಪಿ ಜಿಲ್ಲೆಯ ಈ ಊರಿಗೆ ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಪೂರ್ವದಲ್ಲಿ ಸ್ವರ್ಣಾ ನದಿ; ನಡುವೆ ಇರುವುದು ಮರಳಿನ ಕಿರುಪಟ್ಟಿ. ಬಂದವರಿಗೆ ಮೊದಲು ಬೆಲ್ಲ, ನೀರು. ಆ ನೀರು ಸಿಹಿಯಾಗಿರುವುದೇ ಸೋಜಿಗ! ಮಳೆಯ ನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮರಳಿನೊಳಗೆ ಅದರ ಮೇಲೆ ತೆಳುವಾಗಿ ನಿಂತಿರುತ್ತದೆ. ಅವಸರದಿಂದ ಸೇದಿದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ಆದುದರಿಂದ ದೊಡ್ಡಮ್ಮ ನಾಲ್ಕು ಕೊಡ ಸೇದಿ, ಬಾವಿಗೆ ಬಿಡುವು ಕೊಡುತ್ತಾರೆ.

ಊಟಕ್ಕೆ ಮರುವಾಯಿಯ ಸಾರು ಬೇಕೆಂದರೆ ಇಳಿತಕ್ಕೆ ಕಾಯಬೇಕು. ನೀರು ಇಳಿದ ಮೇಲೆಯೇ ನದಿಯ ಮರಳಿನಲ್ಲಿ ಆ ಚಿಪ್ಪುಗಳನ್ನು ಹೆಕ್ಕಲು ಸಾಧ್ಯ. ಚಂದ್ರನ ಚಲನೆಯಿಂದಾಗಿ ಭರತ, ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಈ ಏರಿಳಿತ ಹಿರಿದು. ಅಷ್ಟಮಿಗಳ ಸುಮಾರಿಗೆ ಕಿರಿದು. ತಿಥಿಯನ್ನು ಹಿಡಿದು ದೊಡ್ಡಮ್ಮ ಊಟದ ಹೊತ್ತನ್ನು ಹೇಳಬಲ್ಲರು.

“ಗಡಿಬಿಡಿ ಎಂತಕ್ಕೆ ಮಗಾ? ನೀರು ಇಳಿಯಲಿ” ಎನ್ನುತ್ತಾರೆ.

ಅವರ ಮಕ್ಕಳೆಲ್ಲ ದೂರದ ಪಟ್ಟಣಗಳಲ್ಲಿದ್ದಾರೆ. ತಿಥಿಯೇನೋ ಪಂಚಾಂಗದಲ್ಲಿ ದೊರೆಯುತ್ತದೆ. ಆದರೆ ಎಷ್ಟನೆಯ ಕೊಡಕ್ಕೆ ಕೈ ತಡೆಯಬೇಕೆಂಬುದನ್ನು ಬಾವಿಕಟ್ಟೆಯ ಬಳಿ ಅವರೊಡನೆ ನಿಂತೇ ಕಲಿಯಬೇಕು. ಹಿರಿಯರಿರುವಾಗ ಅಂಥ ಮನೆಯಲ್ಲಿ ಇಡೀ ಒಂದು ದಿನ ಉಳಿಯುವುದು ಲೇಸು.