ಮನೆಯೇ ಮೊದಲ ಪ್ರಯೋಗಶಾಲೆ

ವಿಜ್ಞಾನವೆಂದೊಡನೆ ಅನೇಕ ಪಾಲಕರ ಕಣ್ಣ ಮುಂದೆ ಗಾಜಿನ ನಳಿಗೆಗಳು, ಬೆಲೆಬಾಳುವ ಯಂತ್ರಗಳು, ಬೀಗ ಹಾಕಿದ ಕಪಾಟುಗಳು ಬಂದು ನಿಲ್ಲುತ್ತವೆ. ಅದು ಶಾಲೆಗೆ ಸೇರಿದ ವಿಷಯ, ಓದಿದವರಿಗೆ ಮಾತ್ರ ದಕ್ಕುವ ವಿಷಯ. ಒಕ್ಕಲುತನ ಮಾಡುವವರಾಗಲಿ, ಮಗ್ಗದ ಮುಂದೆ ಕುಳಿತವರಾಗಲಿ ಅದರ ಬಗ್ಗೆ ಮಕ್ಕಳಿಗೆ ಹೇಳಬಹುದಾದದ್ದು ಏನೂ ಇಲ್ಲವೆಂಬ ಸಂಕೋಚ ಅವರಲ್ಲಿ ಬೇರೂರಿದೆ. ಮಗು ‘ಇದು ಹೀಗೇಕೆ?’ ಎಂದು ಕೇಳಿದಾಗ ‘ನಿಮ್ಮ ಗುರುಗಳನ್ನು ಕೇಳು’ ಎಂದೋ, ‘ಸುಮ್ಮನಿರು’ ಎಂದೋ ಉತ್ತರ ಬರುವುದು ಈ ಸಂಕೋಚದಿಂದಲೇ. ನಾಲ್ಕಾರು ಸಲ ಹೀಗೆ ಸುಮ್ಮನಾದ ಮಗು ಮುಂದೆ ಕೇಳುವುದನ್ನೇ ಬಿಟ್ಟುಬಿಡುತ್ತದೆ. ಆ ಬಳಿಕ ಶಾಲೆಯವರು ಎಷ್ಟು ದೊಡ್ಡ ಪ್ರಯೋಗಾಲಯ ಕಟ್ಟಿಸಿದರೂ, ದಾನಿಗಳು ಎಷ್ಟು ಉಪಕರಣಗಳನ್ನು ಒದಗಿಸಿದರೂ, ಕೇಳುವ ಮನಸ್ಸನ್ನು ಕಳೆದುಕೊಂಡ ಮಗುವಿಗೆ ಅವು ಪರೀಕ್ಷೆಯ ಸಾಮಗ್ರಿಗಳಾಗಿಯೇ ಉಳಿಯುತ್ತವೆ.

ಕೈಯ ಕೆಲಸ ಬೇರೆ, ತಲೆಯ ಅರಿವು ಬೇರೆ ಎಂಬ ಭೇದವನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲ. ಬಟ್ಟೆ ಮಡಿ ಮಾಡುವ ಮಾಚಯ್ಯನೂ, ದೋಣಿ ನಡೆಸುವ ಚೌಡಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ತಮ್ಮ ತಮ್ಮ ಕಾಯಕದೊಡನೆಯೇ ಅನುಭವ ಮಂಟಪದ ಚಿಂತನೆಯಲ್ಲಿ ಪಾಲುಗೊಂಡರು. ಅವರು ಅರಸಿದ್ದು ಅಧ್ಯಾತ್ಮವನ್ನು, ಭೌತವಿಜ್ಞಾನವನ್ನಲ್ಲ. ಆದರೆ ದುಡಿಯುವ ಕೈಗೆ ಅರಿಯುವ ಅಧಿಕಾರವಿದೆ ಎಂಬ ಅವರ ನಿಲುವು ವಿದ್ಯೆಯ ಎಲ್ಲ ಕ್ಷೇತ್ರಗಳಿಗೂ ಸಲ್ಲುವಂಥದು. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯ ಬಾಳೂ ಇದಕ್ಕೆ ನಿದರ್ಶನವಾಗಿದೆ. ೧೭೯೧ರಲ್ಲಿ ಬಡ ಕಮ್ಮಾರನ ಮಗನಾಗಿ ಹುಟ್ಟಿದ ಆತ ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸಕ್ಕಿದ್ದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ, ಕೈಗೆಟಕಿದ ಅಲ್ಪ ಸಾಮಗ್ರಿಗಳಿಂದ ಪ್ರಯೋಗ ಮಾಡಿ ವಿದ್ಯುತ್ ಶಾಸ್ತ್ರದ ಶಿಲ್ಪಿಗಳಲ್ಲೊಬ್ಬನಾದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ೧೮೨೫ರಲ್ಲಿ ಆರಂಭವಾದ ಉಪನ್ಯಾಸಮಾಲೆಯಲ್ಲಿ ಆತ ಅನೇಕ ಸಲ ಮಾತನಾಡಿದ; ೧೮೬೦-೬೧ರ ಚಳಿಗಾಲದಲ್ಲಿ ಆರಿಸಿಕೊಂಡ ವಿಷಯ ಒಂದು ಸಾಮಾನ್ಯ ಮೇಣದ ಬತ್ತಿ. ಮಹಾವಿಜ್ಞಾನಿಗೆ ಮೇಣದ ಬತ್ತಿ ಸಾಕಾದರೆ, ಮನೆಯ ಮಕ್ಕಳಿಗೆ ಅಡುಗೆಮನೆ ಸಾಲದೆ ಹೋದೀತೆ?

ಅರಿಶಿನವೆಂಬ ಸೂಚಕ

ಬಿಳಿಯ ಅಂಗಿಗೆ ಸಾರಿನ ಹನಿ ಬಿದ್ದು ಹಳದಿ ಕಲೆಯಾಯಿತು. ತಾಯಿ ಅದಕ್ಕೆ ಸಾಬೂನು ಹಚ್ಚಿದಳು. ಕಲೆ ಹೋಗುವುದರ ಬದಲು ಕೆಂಪಾಯಿತು. ಹಿಂಡಿ ಬಿಸಿಲಿಗೆ ಹಾಕಿದ ಮೇಲೆ ಮೆಲ್ಲಗೆ ಮಾಸಿತು. ಪ್ರತಿಯೊಬ್ಬ ಗೃಹಿಣಿಯೂ ಕಂಡಿರುವ ಈ ಸಂಗತಿಯಲ್ಲಿ ರಸಾಯನಶಾಸ್ತ್ರದ ಒಂದು ದೊಡ್ಡ ಪಾಠ ಅಡಗಿದೆ.

ಒಂದು ಚಮಚ ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ನೆರಳಿನಲ್ಲಿ ಒಣಗಿಸಿದರೆ ಪರೀಕ್ಷಾ ಕಾಗದ ಸಿದ್ಧವಾಗುತ್ತದೆ. ಅದನ್ನು ಪಟ್ಟಿಗಳಾಗಿ ಕತ್ತರಿಸಿ ಸಾಬೂನಿನ ನೀರು, ಸುಣ್ಣದ ತಿಳಿ, ಲಿಂಬೆರಸ, ಹುಣಸೆಯ ನೀರು, ಮಜ್ಜಿಗೆ, ಒಲೆಯ ಬೂದಿಯನ್ನು ಕದಡಿ ಸೋಸಿದ ನೀರು, ಇವುಗಳನ್ನು ಒಂದೊಂದರ ಮೇಲೆ ಒಂದೊಂದು ಹನಿಯಾಗಿ ಹಾಕಬೇಕು. ಸುಣ್ಣ, ಸಾಬೂನು, ಬೂದಿನೀರುಗಳಿಗೆ ಕಾಗದ ಕೆಂಪಾಗುತ್ತದೆ. ಇವು ಕ್ಷಾರಗಳು. ಕೆಂಪಾದ ಪಟ್ಟಿಗೆ ಲಿಂಬೆರಸ ಹಿಂಡಿದರೆ ಹಳದಿ ಮರಳಿ ಬರುತ್ತದೆ. ಲಿಂಬೆಯ ಆಮ್ಲ ಕ್ಷಾರವನ್ನು ಅಡಗಿಸುತ್ತದೆ. ಹಿಂದಿನವರು ಪಾತ್ರೆ ಬೆಳಗಲು ಬೂದಿಯನ್ನೇಕೆ ಆರಿಸಿದರೆಂಬುದೂ ಇಲ್ಲಿಯೇ ಗೊತ್ತಾಗುತ್ತದೆ: ಬೂದಿಯ ಕ್ಷಾರ ಎಣ್ಣೆಯ ಜಿಡ್ಡನ್ನು ಬಿಡಿಸುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ಹಳೆಯ ಕ್ರಮಕ್ಕೂ ಇದೇ ಮೂಲ. ಆ ಕ್ರಮದಲ್ಲಿ ಮಾಡಿದ ಕುಂಕುಮಕ್ಕೆ ಲಿಂಬೆರಸ ಬಿದ್ದರೆ ಬಣ್ಣ ಹಳದಿಯತ್ತ ತಿರುಗುತ್ತದೆ. ಕೃತಕ ಬಣ್ಣ ಬೆರೆತ ಪುಡಿ ಹಾಗೆಯೇ ಕೆಂಪಾಗಿ ನಿಲ್ಲಬಹುದು.

ಚುರುಕಾದ ಮಗು ಇಲ್ಲಿ ಒಂದು ಆಕ್ಷೇಪ ಎತ್ತದಿರದು: ಲಿಂಬೆರಸಕ್ಕೂ ಕಾಗದ ಹಳದಿಯೇ, ಬರಿಯ ನೀರಿಗೂ ಹಳದಿಯೇ, ಹಾಗಾದರೆ ಇವೆರಡೂ ಒಂದೆಯೆ? ಈ ಆಕ್ಷೇಪವನ್ನು ಗದರಿಸಿ ನಿಲ್ಲಿಸದೆ ಮೆಚ್ಚಿಕೊಳ್ಳಬೇಕು. ಅರಿಶಿನ ಕ್ಷಾರವನ್ನು ತೋರಿಸಬಲ್ಲುದೇ ಹೊರತು ಆಮ್ಲವನ್ನು ನೀರಿನಿಂದ ಬೇರ್ಪಡಿಸಿ ತೋರಿಸಲಾರದು. ಅದಕ್ಕೆ ಇನ್ನೊಂದು ಸೂಚಕ ಬೇಕು. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಬರುವ ರಸ ಲಿಂಬೆಗೆ ಉಜ್ಜ್ವಲ ಕೆಂಪಾಗುತ್ತದೆ, ಸುಣ್ಣದ ತಿಳಿಗೆ ಹಸಿರಾಗುತ್ತದೆ. ಒಂದು ಸಾಧನದ ಮಿತಿಯನ್ನು ಅರಿತು ಇನ್ನೊಂದನ್ನು ಹುಡುಕುವುದೇ ವಿಜ್ಞಾನದ ನಡೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯವಾದುದರಿಂದ ಅದನ್ನು ಹಿರಿಯರೇ ಕಲಸಿಕೊಡುವುದು ಒಳ್ಳೆಯದು.

ಮೇಣದ ಬತ್ತಿ ಮತ್ತು ಸಿದ್ಧ ಉತ್ತರ

ತಟ್ಟೆಯಲ್ಲಿ ಮೇಣದ ಬತ್ತಿ ನಿಲ್ಲಿಸಿ, ಸುತ್ತಲೂ ನೀರು ಹೊಯ್ದು, ಬತ್ತಿ ಹೊತ್ತಿಸಿ ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಅನೇಕ ಶಾಲೆಗಳಲ್ಲಿ ಈ ಪ್ರಯೋಗ ತೋರಿಸಿ, ‘ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕವಿದೆ, ಅದು ಉರಿದುಹೋದುದರಿಂದ ಆ ಜಾಗವನ್ನು ನೀರು ತುಂಬಿತು’ ಎಂದು ಬರೆಯಿಸುವುದುಂಟು. ಉತ್ತರ ಅಚ್ಚುಕಟ್ಟಾಗಿದೆ, ಆದರೆ ಸರಿಯಲ್ಲ.

ಸರಿಯಲ್ಲವೆಂಬುದನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು. ಮೊದಲನೆಯದಾಗಿ, ನೀರು ಯಾವಾಗ ಏರುತ್ತದೆಂದು ಗಮನಿಸಬೇಕು. ಆಮ್ಲಜನಕ ಮುಗಿಯುತ್ತ ಹೋದಂತೆ ನೀರು ಏರುವುದಾದರೆ, ದೀಪ ಉರಿಯುತ್ತಿರುವಾಗಲೇ ಅದು ಒಂದೇ ಸಮನೆ ಏರುತ್ತಿರಬೇಕು. ಹಾಗಾಗದೆ, ದೀಪ ನಂದುವ ಹೊತ್ತಿಗೆ ಮತ್ತು ನಂದಿದ ಮೇಲೆ ನೀರು ಸರಕ್ಕನೆ ಮೇಲೇರುತ್ತದೆ. ಎರಡನೆಯದಾಗಿ, ಅದೇ ಲೋಟದೊಳಗೆ ಒಂದರ ಬದಲು ಮೂರು ಬತ್ತಿಗಳನ್ನು ಹೊತ್ತಿಸಿ ನೋಡಬೇಕು. ಲೋಟದ ಗಾಳಿ ಅಷ್ಟೇ, ಅದರ ಆಮ್ಲಜನಕವೂ ಅಷ್ಟೇ. ಆದರೂ ನೀರು ಮೊದಲಿಗಿಂತ ಹೆಚ್ಚು ಎತ್ತರಕ್ಕೆ ಏರುತ್ತದೆ. ಕಾರಣವೇನು? ದೀಪದ ಶಾಖಕ್ಕೆ ಗಾಳಿ ಹಿಗ್ಗುತ್ತದೆ. ಲೋಟ ಮುಚ್ಚುವಾಗಲೇ ಒಂದಿಷ್ಟು ಗಾಳಿ ಹೊರಹೋಗಿರುತ್ತದೆ, ಕೆಲವೊಮ್ಮೆ ಲೋಟದ ಅಂಚಿನಿಂದ ಗುಳ್ಳೆಗಳೂ ಹೊರಡುತ್ತವೆ. ದೀಪ ಆರಿದೊಡನೆ ಒಳಗೆ ಉಳಿದ ಬಿಸಿಗಾಳಿ ತಣ್ಣಗಾಗಿ ಕುಗ್ಗುತ್ತದೆ. ಉರಿಯುವಾಗ ಹುಟ್ಟಿದ ಉಗಿಯೂ ನೀರಾಗಿ ಲೋಟಕ್ಕೆ ಅಂಟುತ್ತದೆ. ಆಗ ಹೊರಗಿನ ವಾಯುವಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಬತ್ತಿ ಹೆಚ್ಚಾದಷ್ಟು ಶಾಖ ಹೆಚ್ಚು, ಕುಗ್ಗುವಿಕೆಯೂ ಹೆಚ್ಚು. ಆಮ್ಲಜನಕ ವ್ಯಯವಾಗುವುದು ನಿಜ. ಆದರೆ ಅದರ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಮತ್ತು ಆಮ್ಲಜನಕವೆಲ್ಲ ಮುಗಿಯುವ ಮೊದಲೇ ದೀಪ ಆರಿಹೋಗುತ್ತದೆ.

ಅಚ್ಚಾದ ಉತ್ತರವನ್ನೂ ಪರೀಕ್ಷೆಗೆ ಒಡ್ಡಬಹುದೆಂದು ಒಂದು ಲೋಟ, ಮೂರು ಬತ್ತಿಗಳು ಕಲಿಸಿಕೊಡುತ್ತವೆ. ಇದು ಗುರುಗಳಿಗೆ ಅಗೌರವ ತೋರುವ ಮಾತಲ್ಲ. ‘ಹಾಗೆ ತಿಳಿದಿದ್ದೆವು, ಈಗ ಬೇರೆ ಕಾಣುತ್ತಿದೆ’ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಗುರುವಿನ ಮೇಲೆ ಗೌರವ ಇಮ್ಮಡಿಯಾಗುತ್ತದೆಯೇ ವಿನಾ ಕುಂದುವುದಿಲ್ಲ.

ನೆರಳಿನ ಲೆಕ್ಕ

ಅಂಗಳದಲ್ಲಿ ನೆಟ್ಟ ಒಂದು ನೇರವಾದ ಕೋಲು ಖಗೋಳಶಾಸ್ತ್ರದ ಮೊದಲ ಉಪಕರಣ. ನೆಲದಿಂದ ಒಂದು ಮೀಟರ್ ಎತ್ತರ ನಿಲ್ಲುವಂತೆ ಕೋಲು ನೆಟ್ಟು, ಗಾರೆಯವರಂತೆ ತೂಗುಗುಂಡಿನಿಂದ ಅದು ಲಂಬವಾಗಿರುವುದನ್ನು ಖಚಿತಪಡಿಸಿಕೊಂಡು, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ನೆರಳು ಅತಿ ಗಿಡ್ಡವಾದ ಗಳಿಗೆಯೇ ಆ ಊರಿನ ನಿಜವಾದ ಮಧ್ಯಾಹ್ನ. ಆ ನೆರಳಿನ ಗೆರೆಯೇ ಉತ್ತರ-ದಕ್ಷಿಣ.

ಧಾರವಾಡದಲ್ಲಿ ಈ ಗಳಿಗೆ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ, ಸುಮಾರು ಹನ್ನೆರಡೂವರೆಗೆ ಬರುತ್ತದೆ. ಭಾರತದ ಗಡಿಯಾರಗಳೆಲ್ಲ ೮೨.೫ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಧಾರವಾಡವಿರುವುದು ಸುಮಾರು ೭೫ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಮೂವತ್ತು ನಿಮಿಷ. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಇದು ಕಾಲು ಗಂಟೆಯಷ್ಟು ಹಿಂದುಮುಂದಾಗುವುದೂ ಉಂಟು. ಡಿಸೆಂಬರ್ ೨೨ರ ಸುಮಾರಿಗೆ ಅಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಸುಮಾರು ೮೦ ಸೆಂಟಿಮೀಟರ್ ಚಾಚಿದರೆ, ಜೂನ್ ೨೧ರ ಸುಮಾರಿಗೆ ದಕ್ಷಿಣಕ್ಕೆ ಸುಮಾರು ೧೪ ಸೆಂಟಿಮೀಟರ್ ಬೀಳುತ್ತದೆ. ನಡುವೆ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ, ಸೂರ್ಯ ನೆತ್ತಿಯ ಮೇಲೆಯೇ ಬಂದು ಕೋಲಿನ ನೆರಳು ಮಾಯವಾಗುತ್ತದೆ. ಮೇ ತಿಂಗಳಿನದು ಬೇಸಿಗೆಯ ಸೂಟಿಯ ಕಾಲ. ಮಠದ ವಿದ್ಯಾರ್ಥಿನಿಲಯದಿಂದ ಊರಿಗೆ ಮರಳಿದ ಮಗು ತಂದೆಯೊಡನೆ ಹೊಲದ ಬದುವಿನ ಮೇಲೆ ನಿಂತೇ ಇದನ್ನು ನೋಡಬಹುದು. ಉತ್ತರಾಯಣ, ದಕ್ಷಿಣಾಯನಗಳು ಆಗ ಪಂಚಾಂಗದ ಪದಗಳಾಗಿ ಉಳಿಯದೆ ಅಂಗಳದ ಗೆರೆಗಳಾಗುತ್ತವೆ.

ಜೋಕಾಲಿ, ಗಡಿಗೆ, ಕಾಳು

ಪಂಚಮಿಯ ಜೋಕಾಲಿ ಒಂದು ಲೋಲಕ. ದಾರಕ್ಕೆ ಕಲ್ಲು ಕಟ್ಟಿ, ಕಲ್ಲಿನ ನಡುವಿನವರೆಗೆ ೨೫ ಸೆಂಟಿಮೀಟರ್ ಉದ್ದವಿಟ್ಟು ಮೆಲ್ಲಗೆ ತೂಗಿದರೆ ೨೦ ತೂಗಾಟಗಳಿಗೆ ಸುಮಾರು ೨೦ ಸೆಕೆಂಡು ಹಿಡಿಯುತ್ತದೆ. ಉದ್ದವನ್ನು ನಾಲ್ಕು ಪಟ್ಟು, ಅಂದರೆ ಒಂದು ಮೀಟರ್ ಮಾಡಿದರೆ ಸುಮಾರು ೪೦ ಸೆಕೆಂಡು. ಕಲ್ಲಿನ ತೂಕ ಬದಲಿಸಿದರೆ ಕಾಲ ಬದಲಾಗುವುದಿಲ್ಲ.

ಮಣ್ಣಿನ ಗಡಿಗೆಯ ನೀರು ತಂಪಾಗುವುದೇಕೆ? ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ನೀರು ತುಂಬಿ, ಒಂದಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟು ಎರಡು ಗಂಟೆಯ ಮೇಲೆ ಮುಟ್ಟಿ ನೋಡಿದರೆ ಉತ್ತರ ಸಿಗುತ್ತದೆ. ಆವಿಯಾಗುವ ನೀರು ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಡಿಗೆ ಅಷ್ಟೇಕೆ ತಂಪು ಕೊಡದೆಂಬುದನ್ನು ಮಗುವೇ ಊಹಿಸಲಿ.

ಗಾಜಿನ ಲೋಟದ ಒಳಬದಿಗೆ ಒದ್ದೆ ಬಟ್ಟೆ ಇಟ್ಟು, ಗಾಜಿಗೂ ಬಟ್ಟೆಗೂ ನಡುವೆ ನೆನೆಸಿದ ಹೆಸರುಕಾಳು ಸಿಕ್ಕಿಸಿದರೆ ಎರಡು ಮೂರು ದಿನಗಳಲ್ಲಿ ಬೇರು ಕೆಳಗಿಳಿಯುತ್ತದೆ. ಲೋಟವನ್ನು ಮಲಗಿಸಿಟ್ಟರೆ ಬೇರಿನ ತುದಿ ಮತ್ತೆ ನೆಲದತ್ತ ಬಾಗುತ್ತದೆ. ಬಿತ್ತುವಾಗ ಕಾಳು ಹೇಗೆ ಬಿದ್ದರೂ ಚಿಂತೆಯಿಲ್ಲವೆಂಬ ರೈತನ ಅನುಭವಕ್ಕೆ ಇದು ಸಾಕ್ಷಿ.

ಹಂಚಿನ ಸಂದಿನ ಸೂರ್ಯ

ಹಂಚಿನ ಮನೆಯ ಕತ್ತಲೆಯ ಕೋಣೆಯಲ್ಲಿ ಸಂದಿನಿಂದ ಬಿದ್ದ ಬೆಳಕು ನೆಲದ ಮೇಲೆ ದುಂಡಗಿನ ಬಿಲ್ಲೆಯಾಗಿ ಕಾಣುತ್ತದೆ. ಸಂದು ಅಂಕುಡೊಂಕಾಗಿದ್ದರೂ ಬಿಲ್ಲೆ ದುಂಡಗೆ! ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಹಿಂದೆ ಸಾಕಷ್ಟು ದೂರದಲ್ಲಿ ಬಿಳಿಯ ಕಾಗದ ಹಿಡಿದರೂ ಇದೇ ಬಿಂಬ ಮೂಡುತ್ತದೆ. ಗ್ರಹಣದ ದಿನ ಈ ಬಿಂಬ ಕುಡುಗೋಲಿನಂತಾಗುತ್ತದೆ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ಸೂರ್ಯನಿಗೆ ಬೆನ್ನು ಮಾಡಿ ಕಾಗದದ ಮೇಲಿನ ಬಿಂಬವನ್ನು ನೋಡುವುದರಲ್ಲಿ ಯಾವ ಅಪಾಯವೂ ಇಲ್ಲ.

೧೯೮೦ರ ಫೆಬ್ರುವರಿ ೧೬ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕರಾವಳಿಯ ಕಡೆಯಿಂದ ಕರ್ನಾಟಕವನ್ನು ಪ್ರವೇಶಿಸಿ ಹುಬ್ಬಳ್ಳಿ, ರಾಯಚೂರು ಸೀಮೆಗಳನ್ನು ದಾಟಿಹೋಯಿತು. ದೂರದೂರದಿಂದ ವಿಜ್ಞಾನಿಗಳು ಅದನ್ನು ನೋಡಲೆಂದೇ ಇಲ್ಲಿಗೆ ಬಂದರು. ಅದೇ ಹೊತ್ತಿನಲ್ಲಿ ಅಸಂಖ್ಯಾತ ಮನೆಗಳ ಬಾಗಿಲುಗಳು ಮುಚ್ಚಿದ್ದವು. ೨೦೧೯ರ ಡಿಸೆಂಬರ್ ೨೬ರಂದು ಕಂಕಣ ಗ್ರಹಣ ಮಂಗಳೂರು, ಕೊಡಗುಗಳ ಮೇಲೆ ಹಾದುಹೋದಾಗ ಎಷ್ಟೋ ಶಾಲೆಗಳು ಮಕ್ಕಳನ್ನು ಬಯಲಿಗೆ ಕರೆತಂದು ತೋರಿಸಿದವು. ಮುಚ್ಚಿದ ಬಾಗಿಲು ವಾದದಿಂದ ತೆರೆಯುವುದಿಲ್ಲ. ಮಗುವಿನ ಕೈಯ ಒಂದು ರಟ್ಟಿನ ತುಂಡು ಅದನ್ನು ತೆರೆಸೀತು.

ಪಾಲಕರು ನೆನಪಿಡಬೇಕಾದ ಮಾತು

ಪ್ರಯೋಗಕ್ಕೆ ಮೊದಲು ‘ಏನಾದೀತು?’ ಎಂದು ಮಗುವಿನಿಂದ ಊಹೆ ಹೇಳಿಸಬೇಕು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ದಾರವನ್ನೂ ಕಲ್ಲನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಕಂಡದ್ದನ್ನು ಕಂಡಂತೆ ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆಯಿಸಬೇಕು. ಊಹೆ ತಪ್ಪಾದರೆ ಅದನ್ನು ಅಳಿಸಗೊಡಬಾರದು. ಬೆಂಕಿ, ಸುಣ್ಣ, ಗಾಜುಗಳಿರುವಲ್ಲಿ ಹಿರಿಯರು ಬಳಿಯಲ್ಲಿಯೇ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಿಳಿಯದಿದ್ದಾಗ ‘ತಿಳಿಯದು, ನೋಡೋಣ’ ಎನ್ನುವ ಧೈರ್ಯ ಬೇಕು. ಅಕ್ಷರ ಬಾರದ ತಾಯಿಯೂ ಈ ಮಾತನ್ನು ಹೇಳಬಲ್ಲಳು. ಅರಿಶಿನದ ಕಲೆ ಕೆಂಪಾಗುವುದನ್ನು ಶಾಲೆಯ ಎಲ್ಲರಿಗಿಂತ ಮೊದಲು ಕಂಡವಳು ಅವಳೇ.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ನಾಡಿನ ಮಠಗಳು ಬಡವರ ಮಕ್ಕಳನ್ನು ವಿದ್ಯೆಯ ಬಾಗಿಲಿಗೆ ತಂದವು. ಆ ಮಕ್ಕಳಲ್ಲಿ ಬಹುಮಂದಿಯ ತಂದೆತಾಯಂದಿರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದಿದ ಮಗ ಓದದ ತಂದೆಯಿಂದ ದೂರವಾಗುವುದು ವಿದ್ಯೆ ತರಬಹುದಾದ ನಷ್ಟಗಳಲ್ಲಿ ದೊಡ್ಡದು. ಸೂಟಿಗೆ ಮನೆಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಶಿಕ್ಷಕರು ಇಂಥ ಎರಡು ಪ್ರಯೋಗಗಳನ್ನು ಮನೆಗೆಲಸವಾಗಿ ಕೊಟ್ಟು, ‘ತಂದೆತಾಯಿಗಳು ಏನೆಂದರು?’ ಎಂಬುದನ್ನೂ ವಹಿಯಲ್ಲಿ ಬರೆದು ತರುವಂತೆ ಹೇಳಿದರೆ ಆ ಅಂತರ ಕಡಿಮೆಯಾದೀತು. ಹಳೆಯ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ವಾರಕ್ಕೊಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು. ದಾನಿಗಳ ಔದಾರ್ಯದಿಂದ ಪ್ರಯೋಗಾಲಯಗಳು ಬೆಳೆಯಲಿ. ಅದರೊಡನೆ ಪ್ರತಿಯೊಂದು ಮನೆಯ ಅಂಗಳದಲ್ಲಿಯೂ ಒಂದು ಕೋಲು ನಿಲ್ಲಲಿ. ಅದರ ನೆರಳನ್ನು ತಂದೆಯೂ ಮಗುವೂ ಒಟ್ಟಿಗೆ ಬಾಗಿ ನೋಡುವ ದಿನ, ಶಾಲೆ ತೊಡಗಿದ ಕಾರ್ಯ ಮನೆಯಲ್ಲಿ ಪೂರ್ಣವಾಗುತ್ತದೆ.